ಬಿಳಿ ರಸ್ತೆಗೊಂದು ದೃಷ್ಟಿಬೊಟ್ಟು

ನಮ್ಮ ಮನೆ ಕಟ್ಟಿಸಿದಾಗ ಬೀದಿಯಿಂದ ಒಳಗೆ ಬರಲು ಮೂರು ಮೆಟ್ಟಿಲು ಹತ್ತಬೇಕಿತ್ತು. ಸಾದಹಳ್ಳಿ ಕಲ್ಲಿನ ಮೆಟ್ಟಿಲು. ಅಪ್ಪ ಸಂಜೆ ಅದರ ಮೇಲೆ ಕೂತು ಪೇಪರ್ ಓದುತ್ತಿದ್ದರು. ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನಮಸ್ಕಾರ ಹೇಳುತ್ತಿದ್ದರು. ಒಂದು ಚುನಾವಣೆಗೆ ಬೀದಿಗೆ ಡಾಂಬರು ಬಂತು. ಕೆಳಗಿನ ಮೆಟ್ಟಿಲು ಅರ್ಧ ಹೂತುಹೋಯಿತು. ಮುಂದಿನ ಚುನಾವಣೆಗೆ ಡಾಂಬರಿನ ಮೇಲೆ ಡಾಂಬರು ಬಂತು. ಆ ಮೆಟ್ಟಿಲು ಪೂರ್ತಿ ಮಾಯವಾಯಿತು. ಪಾಲಿಕೆಯದ್ದೊಂದು, ವಿಧಾನಸಭೆಯದ್ದೊಂದು, ಲೋಕಸಭೆಯದ್ದೊಂದು ಅಂತ ಪ್ರಜಾಪ್ರಭುತ್ವ ನಮ್ಮ ಬೀದಿಯಲ್ಲಿ ಪದರ ಪದರವಾಗಿ ಗಟ್ಟಿಯಾಗುತ್ತ ಬಂದು, ಅಪ್ಪ ತೀರಿಕೊಳ್ಳುವ ಹೊತ್ತಿಗೆ ಒಂದೇ ಮೆಟ್ಟಿಲು ಉಳಿದಿತ್ತು. ಅಷ್ಟರಲ್ಲಿ ಬೀದಿ ರೋಡಾಗಿ, ರೋಡು ಮೇನ್ ರೋಡಾಗಿತ್ತು. ಆಮೇಲೆ ವೈಟ್ ಟಾಪಿಂಗ್ ಬಂತು. ಈಗ ನಾವು ಮನೆಗೆ ಹತ್ತುವುದಿಲ್ಲ, ಇಳಿಯುತ್ತೇವೆ.

ನಮಗಿಂತ ಮೊದಲು ಮಳೆನೀರು ಇಳಿಯುತ್ತದೆ. ಇಷ್ಟು ವರ್ಷ ಅದಕ್ಕೂ ಮೆಟ್ಟಿಲು ಹತ್ತುವ ಕಷ್ಟವಿತ್ತು, ಪಾಪ. ಈಗ ಸೀದಾ ಬಂದು ಸೋಫಾದ ಕೆಳಗೆ ಕೂರುತ್ತದೆ. ಪಕ್ಕದ ಮನೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿದ್ದಾರೆ. ಮೊನ್ನೆ ಮಗ್ಗಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತ ಹೇಳಿದರು: “ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಅಂತ ಮೂವತ್ತು ವರ್ಷ ಪಾಠ ಹೇಳಿದೆ ಕಣ್ರೀ. ಈಗ ರಸ್ತೆ ಎಷ್ಟು ಎತ್ತರ, ಮನೆ ಎಷ್ಟು ಎತ್ತರ ಅಂತ ಬೇರೆ ಬೇರೆ ಹೇಳಬೇಕು.”

ಈ ಕೆಲಸಕ್ಕೆ ಇಟ್ಟ ಹೆಸರು ನೋಡಿ: ವೈಟ್ ಟಾಪಿಂಗ್. ಬೇಕರಿಯಲ್ಲಿ ಕೇಳಿದರೆ ಕೇಕಿನ ಮೇಲೆ ಹಾಕಿಕೊಡುತ್ತಾರೆ. ಸವೆದು, ಕಿತ್ತು, ಗುಂಡಿ ಬಿದ್ದ ಡಾಂಬರು ರಸ್ತೆಯನ್ನು ಬುಡಸಮೇತ ಅಗೆದು ಬಿಸಾಡದೆ, ಅದರ ಮೇಲೆಯೇ ಕಾಂಕ್ರೀಟು ಹಾಸುವುದು ಎಂದಷ್ಟೇ ಇದರ ಅರ್ಥ. ಇದಕ್ಕೊಂದು ಶಾಸ್ತ್ರಗ್ರಂಥವೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2008ರಲ್ಲಿ ಅದನ್ನು ಹೊರತಂದು 2015ರಲ್ಲಿ ಪರಿಷ್ಕರಿಸಿತು. ಹೆಸರಿನಲ್ಲಿ ಕಾಂಗ್ರೆಸ್ ಇದ್ದರೂ ಈ ಸಂಸ್ಥೆ ಯಾವ ಪಕ್ಷದ್ದೂ ಅಲ್ಲ. ಆದ್ದರಿಂದಲೇ ಎಲ್ಲ ಪಕ್ಷದ ಸರ್ಕಾರಗಳೂ ಅದರ ಪುಸ್ತಕವನ್ನು ಸರಿಸಮಾನವಾಗಿ ಕಪಾಟಿನಲ್ಲಿಟ್ಟು ಕಾಪಾಡುತ್ತವೆ. ಐದರಿಂದ ಹತ್ತು ಸೆಂಟಿಮೀಟರ್ ದಪ್ಪದ್ದು ಅತಿ ತೆಳು, ಹತ್ತರಿಂದ ಇಪ್ಪತ್ತರದ್ದು ತೆಳು, ಅದಕ್ಕೂ ಮೇಲಿನದು ಸಾಂಪ್ರದಾಯಿಕ ಎಂದು ಆ ಪುಸ್ತಕ ಮೂರು ಜಾತಿ ಮಾಡಿದೆ.

ಹಾಸುವ ಮೊದಲು ಮಾಡಬೇಕಾದ ಮಡಿಯೂ ಅದರಲ್ಲಿದೆ. ಹಳೆಯ ಡಾಂಬರಿನ ಮೇಲ್ಪದರವನ್ನು ಯಂತ್ರದಿಂದ ಕೆರೆಯಬೇಕು. ಗುಂಡಿ ಮುಚ್ಚಬೇಕು, ಬಿರುಕು ತುಂಬಬೇಕು, ಧೂಳು ಊದಬೇಕು. ಕೆರೆದ ಮೇಲೂ ಕೆಳಗೆ ಸಾಕಷ್ಟು ದಪ್ಪದ ಗಟ್ಟಿ ಡಾಂಬರು ಉಳಿದಿರಬೇಕು. ಯಾಕೆಂದರೆ ತೆಳು ಕಾಂಕ್ರೀಟು ತನ್ನ ಶಕ್ತಿಯಿಂದ ನಿಲ್ಲುವುದಿಲ್ಲ, ಕೆಳಗಿನದರ ಜೊತೆ ಅಂಟಿಕೊಂಡು ನಿಲ್ಲುತ್ತದೆ. ಮೇಲಿನ ಬಿಳಿ, ಕೆಳಗಿನ ಕರಿ ಒಂದೇ ಮೈಯಾಗಿ ಲಾರಿಯ ಭಾರ ಹೊರಬೇಕು. ಅಂಟು ಬಿಟ್ಟರೆ ಕಾಂಕ್ರೀಟು ಒಬ್ಬಂಟಿಯಾಗಿ ಬಾಗಬೇಕಾಗುತ್ತದೆ. ಕಾಂಕ್ರೀಟಿಗೆ ಎಷ್ಟು ಒತ್ತಿದರೂ ತಡೆಯುವುದು ಗೊತ್ತು, ಬಾಗುವುದು ಗೊತ್ತಿಲ್ಲ. ಬಾಗಿಸಿದರೆ ಬಿರಿಯುತ್ತದೆ. ಅದನ್ನು ಹಾಕಿಸುವವರ ಸ್ವಭಾವ ಇದಕ್ಕೆ ಸರಿಯಾಗಿ ಉಲ್ಟಾ.

ಎಡವಟ್ಟು ಇರುವುದು ಇಲ್ಲೇ. ಹಳೆ ರಸ್ತೆ ಗಟ್ಟಿಯಿದ್ದರೆ ಅದರ ಮೇಲೆ ಹಾಸಿ ಎನ್ನುತ್ತದೆ ಪುಸ್ತಕ. ಹಳೆ ರಸ್ತೆ ಹಾಳಾಗಿದೆ, ಅದಕ್ಕೇ ಹಾಸುತ್ತಿದ್ದೇವೆ ಎನ್ನುತ್ತೇವೆ ನಾವು. ಹಾಳಾದದ್ದು ಯಾಕೆ? ನೀರು ನಿಂತು. ಡಾಂಬರಿಗೂ ಜಲ್ಲಿಗೂ ಇರುವ ನಂಟನ್ನು ನೀರಿನಷ್ಟು ಚೆನ್ನಾಗಿ ಬಿಡಿಸುವ ಲಾಯರು ಯಾವ ಕೋರ್ಟಿನಲ್ಲೂ ಇಲ್ಲ. ನೀರು ನಿಂತದ್ದು ಯಾಕೆ? ಚರಂಡಿ ಕಟ್ಟಿಕೊಂಡು. ಚರಂಡಿ ಕಟ್ಟಿಕೊಂಡದ್ದು ಯಾಕೆ? ರಸ್ತೆ ಏರಿ ಏರಿ ಅದರ ಬಾಯಿಗೆ ಡಾಂಬರು ಮೆತ್ತಿಕೊಂಡು. ಹಾಗಾದರೆ ಮದ್ದೇನು? ರಸ್ತೆಯನ್ನು ಇನ್ನೊಂದು ಮೆಟ್ಟಿಲು ಏರಿಸುವುದು! ಕಜ್ಜಿ ಆಗಿದೆ ಎಂದು ಡಾಕ್ಟರ ಹತ್ತಿರ ಹೋದರೆ ಅವರು ದರ್ಜಿಗೆ ಚೀಟಿ ಬರೆದುಕೊಟ್ಟು, “ಒಳ್ಳೇ ಬಿಳಿ ಅಂಗಿ ಹೊಲಿಸ್ಕೊಳಿ, ಏನೂ ಕಾಣಲ್ಲ” ಅಂದ ಹಾಗಾಯಿತು.

ಹಾಗಂತ ಕಾಂಕ್ರೀಟನ್ನು ಬೈದರೆ ನಾಲಿಗೆಯಲ್ಲಿ ಹುಳ ಬಿದ್ದೀತು. ಅದು ಒಳ್ಳೆಯ ಮನೆತನದ್ದು. 1891ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಬೆಲ್‌ಫೌಂಟನ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಬಾರ್ಥಲೊಮ್ಯೂ ಎಂಬಾತ ಆ ದೇಶದ ಮೊದಲ ಕಾಂಕ್ರೀಟು ರಸ್ತೆ ಹಾಕಲು ಹೊರಟ. ಊರಿನವರಿಗೆ ನಂಬಿಕೆ ಬರಲಿಲ್ಲ. ಆತ ಸಾಮಗ್ರಿಯನ್ನು ತಾನೇ ಕೊಟ್ಟ. ಸಾಲದೆಂದು, ಐದು ವರ್ಷ ಬಾಳಿಕೆ ಬರುತ್ತದೆ ಎಂದು 5,000 ಡಾಲರಿನ ಜಾಮೀನನ್ನೂ ಬರೆದುಕೊಟ್ಟ. ಆ ಕಾಲದ ಕಾಂಕ್ರೀಟು ಆ ಊರಿನ ಕೋರ್ಟ್ ಬೀದಿಯಲ್ಲಿ ಇವತ್ತಿಗೂ ಇದೆ. ಹಳೆಯ ಡಾಂಬರಿನ ಮೇಲೆ ಕಾಂಕ್ರೀಟು ಹಾಸಿದ ಮೊದಲ ದಾಖಲೆಯೂ ಆ ದೇಶದ್ದೇ: 1918, ಇಂಡಿಯಾನಾ ರಾಜ್ಯದ ಟೆರ್ರೆ ಹಾಟ್. ನೂರು ವರ್ಷದಲ್ಲಿ ಅಲ್ಲಿಂದ ಸಿಮೆಂಟಿನ ಹದ ಇಲ್ಲಿಗೆ ಬಂತು, ಯಂತ್ರ ಬಂತು, ಇಂಗ್ಲಿಷ್ ಹೆಸರೂ ಬಂತು. ಆ ಜಾಮೀನಿನ ಕಾಗದ ಮಾತ್ರ ಹಡಗಿನಲ್ಲೆಲ್ಲೋ ಕಳೆದುಹೋಗಿರಬೇಕು.

ಬೆಂಗಳೂರಿಗೆ ಈ ಬಿಳಿ ಭಾಗ್ಯ ಬಂದದ್ದು 2017ರ ಸುಮಾರಿಗೆ. ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ ತೊಂಬತ್ತು ಚಿಲ್ಲರೆ ಕಿಲೋಮೀಟರಿನ ಮೊದಲ ಹಂತ ಶುರುವಾಯಿತು. ಹೊರ ವರ್ತುಲ ರಸ್ತೆಯ ಕೆಲವು ಭಾಗಗಳಿಗೂ ಬಿಳಿ ಬಂತು. 2019ರಲ್ಲಿ ಸರ್ಕಾರ ಬದಲಾಯಿತು. ಮುಖ್ಯಮಂತ್ರಿ ಯಡಿಯೂರಪ್ಪನವರು ಮುಂದಿನ ಹಂತಗಳನ್ನು ತಡೆಹಿಡಿದು ತನಿಖೆಗೆ ಆದೇಶಿಸಿದರು. ನಮ್ಮ ನಾಡಿನಲ್ಲಿ ತನಿಖೆಗೂ ಕಾಂಕ್ರೀಟಿಗೂ ಒಂದು ಸಾಮ್ಯವಿದೆ: ಹಾಕುವಾಗ ಭಾರೀ ಸದ್ದು, ಆಮೇಲೆ ನಿಧಾನಕ್ಕೆ ಸೆಟ್ ಆಗುತ್ತದೆ. ಕೆಲಸ ಮತ್ತೆ ಶುರುವಾಯಿತು. ಸರ್ಕಾರ ಮತ್ತೆ ಬದಲಾಯಿತು. 2024ರ ಫೆಬ್ರುವರಿಯ ಬಜೆಟ್ಟಿನಲ್ಲಿ 1,700 ಕೋಟಿ ರೂಪಾಯಿಯಲ್ಲಿ 147 ಕಿಲೋಮೀಟರ್ ಮುಖ್ಯರಸ್ತೆಗಳಿಗೆ ವೈಟ್ ಟಾಪಿಂಗ್ ಎಂದು ಘೋಷಣೆಯಾಯಿತು.

ಲೆಕ್ಕದ ಚಪಲ ನನಗೆ ಮೊದಲಿನಿಂದಲೂ ಇದೆ. ಭಾಗಿಸಿ ನೋಡಿದೆ. ಕಿಲೋಮೀಟರಿಗೆ ಹನ್ನೊಂದೂವರೆ ಕೋಟಿ. ಮೀಟರಿಗೆ 1,15,000 ಚಿಲ್ಲರೆ. ಅಡಿಗೆ 35,000. ನನ್ನ ಹೆಜ್ಜೆ ಎರಡೂವರೆ ಅಡಿ. ಅಂದರೆ ಹೆಜ್ಜೆಗೆ 88,000 ರೂಪಾಯಿ. ನಮ್ಮ ಮನೆಯಿಂದ ಹಾಲಿನ ಬೂತಿಗೆ ಸರಿಯಾಗಿ ಇನ್ನೂರು ಹೆಜ್ಜೆ. ದಿನಾ ಬೆಳಗ್ಗೆ ಒಂದೂಮುಕ್ಕಾಲು ಕೋಟಿ ರೂಪಾಯಿ ತುಳಿದುಕೊಂಡು ಹೋಗಿ ಅರ್ಧ ಲೀಟರ್ ನಂದಿನಿ ತರುತ್ತೇನೆ. ಇಂಥ ಅಂದಾಜುಪಟ್ಟಿಯಲ್ಲಿ ಬರೀ ಕಾಂಕ್ರೀಟು ಇರುವುದಿಲ್ಲ, ಪೈಪು, ಚರಂಡಿ, ಫುಟ್‌ಪಾತು ಎಲ್ಲ ಸೇರುತ್ತವೆ ಎಂದು ತಿಳಿದವರು ತಿದ್ದುತ್ತಾರೆ. ನ್ಯಾಯವಾದ ಮಾತು. ಅದಕ್ಕೇ ನಾನು ಮೇಲೆ ನಡೆಯುವಾಗ ಕೆಳಗಿರುವ ಪೈಪಿಗೂ ಒಂದು ನಮಸ್ಕಾರ ಹಾಕಿ ನಡೆಯುತ್ತೇನೆ. ಊರಿನ ರಸ್ತೆಗಳ ಒಟ್ಟು ಉದ್ದ ಹದಿಮೂರು ಸಾವಿರ ಕಿಲೋಮೀಟರಿನ ಆಸುಪಾಸು. ಅದರಲ್ಲಿ 147 ಅಂದರೆ ನೂರಕ್ಕೆ ಒಂದು ಚಿಲ್ಲರೆ. ಉಳಿದ ತೊಂಬತ್ತೆಂಟೂ ಮುಕ್ಕಾಲಿನ ಗುಂಡಿಗಳು ತಮ್ಮ ಪಾಡಿಗೆ ತಾವಿವೆ. ಅವುಗಳ ಸುದ್ದಿಗೆ ಯಾರೂ ಹೋಗುವುದಿಲ್ಲ.

ಕಾಂಕ್ರೀಟಿನ ಪರವಾಗಿ ಹೇಳುವ ದೊಡ್ಡ ಮಾತು ಅದರ ಆಯುಸ್ಸು. ಇಪ್ಪತ್ತು ವರ್ಷ, ಮೂವತ್ತು ವರ್ಷ ಬರುತ್ತದಂತೆ. ಯಾರಾದರೂ ಕೂತು ಯೋಚಿಸಿದ್ದಾರೆಯೇ, ಇದೆಷ್ಟು ಅಪಾಯಕಾರಿ ಎಂದು? ಮೂವತ್ತು ವರ್ಷ ಅಂದರೆ ಆರು ವಿಧಾನಸಭೆ. ಆರು ಚುನಾವಣೆಗೆ ರಸ್ತೆ ಎಂಬ ಭರವಸೆಯೇ ಇಲ್ಲದೆ ಮತ ಕೇಳುವುದು ಹೇಗೆ? ಗುಂಡಿ ಬಿದ್ದರೆ ತಾನೇ ಗುಂಡಿ ಮುಚ್ಚುವ ಟೆಂಡರು, ಗುಂಡಿ ಎಣಿಸುವ ಆ್ಯಪು, ಗುಂಡಿ ಮುಚ್ಚಲು ಗಡುವು, ಗಡುವು ಮೀರಿದವರಿಗೆ ನೋಟಿಸು, ನೋಟಿಸಿಗೆ ಸಮಜಾಯಿಷಿ? ಒಂದು ಗುಂಡಿಯನ್ನು ನಂಬಿಕೊಂಡು ಎಷ್ಟು ಸಂಸಾರ! ಕಲೆ ಕೂಡ ಸೊರಗುತ್ತದೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಬಿಟ್ಟರು. 2019ರಲ್ಲಿ ಗಗನಯಾತ್ರಿಯ ದಿರಿಸಿನ ನಟನೊಬ್ಬನನ್ನು ಗುಂಡಿಗಳ ನಡುವೆ ನಡೆಸಿ ಚಂದ್ರನನ್ನೇ ಬೆಂಗಳೂರಿಗೆ ಇಳಿಸಿದರು. ಆ ವಿಡಿಯೊ ದೇಶವೆಲ್ಲ ಓಡಾಡಿತು. ನುಣುಪಾದ ಕಾಂಕ್ರೀಟಿನ ಮೇಲೆ ಆ ಕಲಾವಿದ ಏನನ್ನು ಬಿಡಬೇಕು, ಸ್ವಾಮಿ?

ಆದರೆ ಗಾಬರಿ ಬೇಡ. ಮೂವತ್ತು ವರ್ಷ ಬಾಳುವುದನ್ನು ಮೂರು ವಾರಕ್ಕೆ ಇಳಿಸುವ ವಿದ್ಯೆ ನಮ್ಮಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೇಸ್ತ್ರಿಯನ್ನು ಪರಿಚಯಿಸಬೇಕು.

ನಮ್ಮ ರಸ್ತೆಯ ಅರ್ಧಕ್ಕೆ ಬ್ಯಾರಿಕೇಡ್ ಇಟ್ಟಾಗ ಮೂರು ತಿಂಗಳು ಅಂದಿದ್ದರು. ಹನ್ನೊಂದು ತಿಂಗಳಾಯಿತು. ಅಷ್ಟೂ ದಿನ ನನಗೆ ಗೆಳೆಯನಾಗಿದ್ದವನು ರಾಯಚೂರು ಕಡೆಯ ಮೇಸ್ತ್ರಿ. ಹೆಂಡತಿ ಮಕ್ಕಳೊಂದಿಗೆ ತಗಡಿನ ಶೆಡ್ಡಿನಲ್ಲಿದ್ದ. ಕಾಂಕ್ರೀಟಿನ ಬಗ್ಗೆ ಆತ ಮಾತಾಡಿದರೆ ದೊಡ್ಡ ಪುಸ್ತಕಗಳು ಕೈಕಟ್ಟಿ ಕೇಳಬೇಕು.

“ಹಾಕೂದು ದೊಡ್ಡ ಮಾತಲ್ರಿ ಸರ. ಹಾಕಿದ ಮ್ಯಾಲೆ ಕಾಯೂದೈತಲ್ಲ, ಅದು ದೊಡ್ಡದ್ರಿ. ಹಸಿ ಬಾಣಂತಿ ಇದ್ದಂಗ್ರಿ ಅದು. ಬಿಸಲು ತಾಕಬಾರ್ದು, ಗಾಳಿ ತಾಕಬಾರ್ದು, ಯಾರೂ ಮ್ಯಾಲೆ ಕಾಲಿಡಬಾರ್ದು.”

ಎಷ್ಟು ಹೊತ್ತಿನೊಳಗೆ ಹಾಕಬೇಕು ಅಂದೆ. ಪ್ಲಾಂಟಿನಲ್ಲಿ ಕಲಸಿದ ಎರಡು ಗಂಟೆಯೊಳಗೆ ಲಾರಿ ಖಾಲಿ ಆಗಬೇಕು ಅಂದ. ರೆಡಿಮಿಕ್ಸ್ ಕಾಂಕ್ರೀಟಿಗೆ ದೇಶದ ಮಾನಕವೂ ಅದನ್ನೇ ಹೇಳುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎರಡು ಗಂಟೆ! ಕೆಟ್ಟ ರಸ್ತೆಯಿಂದಾಗಿ ಟ್ರಾಫಿಕ್ ನಿಲ್ಲುತ್ತದೆ. ಆ ಟ್ರಾಫಿಕ್‌ನಲ್ಲಿ ಕೆಟ್ಟ ರಸ್ತೆಯನ್ನು ಸರಿಮಾಡುವ ಲಾರಿ ನಿಲ್ಲುತ್ತದೆ. ಲಾರಿಯ ಹೊಟ್ಟೆ ತಿರುಗುತ್ತಲೇ ಇರುತ್ತದೆ. ತಿರುಗುವ ಆ ಹೊಟ್ಟೆ ನೋಡಿದಾಗೆಲ್ಲ ನನಗೆ ಈ ಊರಿನ ಎಲ್ಲ ಯೋಜನೆಗಳೂ ನೆನಪಾಗುತ್ತವೆ. ಒಳಗೆ ಎಲ್ಲವೂ ಸುತ್ತುತ್ತಿರುತ್ತದೆ, ಹೊರಗೆ ಎಲ್ಲವೂ ನಿಂತಿರುತ್ತದೆ.

ಹಾಕಿದ ಕೆಲವೇ ಗಂಟೆಗಳಲ್ಲಿ ಗರಗಸದ ಯಂತ್ರ ಬಂತು. ಅಷ್ಟು ಮುತುವರ್ಜಿಯಿಂದ ಹಾಸಿದ ಕಾಂಕ್ರೀಟಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಕೊಯ್ಯತೊಡಗಿದರು. ಒಂದೊಂದು ಚೌಕ ಹೆಚ್ಚುಕಮ್ಮಿ ಒಂದು ಮೀಟರಿನದು. ನನಗೆ ಹೊಟ್ಟೆ ಉರಿಯಿತು. “ಯಾಕಪ್ಪಾ ಒಡೀತೀರಿ?”

ಮೇಸ್ತ್ರಿ ನಕ್ಕ. “ಅದು ಒಣಗಾಕತ್ತಿದ್ರ ಕುಗ್ಗತೈತ್ರಿ, ಕುಗ್ಗಿದ್ರ ಬಿರಕು ಬಿಡೂದ ಐತಿ. ತಪ್ಪಿಸಾಕ ಆಗೂದಿಲ್ಲ. ಎಲ್ಲಿ ಬಿಡಬೇಕು ಅಂತ ನಾವು ಮೊದ್ಲ ಗೆರಿ ಹಾಕಿಕೊಡ್ತೀವ್ರಿ. ಟೈಮ್ ಮೀರಿದ್ರ ಅದು ತನಗ ಬೇಕಾದಲ್ಲಿ ಬಿಡತೈತಿ. ನಾವು ಹೊಡದ್ರ ಜಾಯಿಂಟು, ಅದ ಹೊಡಕೊಂಡ್ರ ಕ್ರ್ಯಾಕು. ಇಷ್ಟ ರೀ ಫರಕು.”

ಆಡಳಿತಶಾಸ್ತ್ರವನ್ನು ಇದಕ್ಕಿಂತ ಸಂಕ್ಷಿಪ್ತವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬೆಂಗಳೂರು ಪಾಲಿಕೆಯ ಚುನಾಯಿತರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಐದು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಐದಾಗಿ ಕೊಯ್ದು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಎಂಬ ಹೊದಿಕೆ ಹಾಸಿದರು. ಹೊತ್ತು ಮೀರುವ ಮೊದಲೇ ಗೆರೆ ಹೊಡೆದರೋ, ಅದೇ ಬಿರಿದ ಮೇಲೆ ಬಿರುಕಿಗೆ ಹೆಸರಿಟ್ಟರೋ ಎಂದು ಕೇಳಲು ಮೇಸ್ತ್ರಿ ಆಗ ಊರಲ್ಲಿರಲಿಲ್ಲ.

ದಪ್ಪ ಕಾಂಕ್ರೀಟು ರಸ್ತೆಗಳಲ್ಲಿ ಇನ್ನೊಂದು ಸೊಗಸಿದೆ. ಒಂದು ಚಪ್ಪಡಿಗೂ ಇನ್ನೊಂದಕ್ಕೂ ನಡುವೆ ನುಣುಪಾದ ಕಬ್ಬಿಣದ ಸರಳುಗಳನ್ನು ಕೂರಿಸಿರುತ್ತಾರೆ. ಡೋವೆಲ್ ಬಾರ್ ಅನ್ನುತ್ತಾರೆ. ಚಕ್ರ ಅಂಚಿಗೆ ಬಂದಾಗ ಈ ಸರಳು ಒಂದು ಚಪ್ಪಡಿಯ ಭಾರವನ್ನು ಮೆಲ್ಲಗೆ ಪಕ್ಕದ್ದಕ್ಕೆ ದಾಟಿಸುತ್ತದೆ; ಯಾವುದೂ ಪೂರ್ತಿ ಹೊರಬೇಕಾಗಿಲ್ಲ. ಇದನ್ನು ಕೇಳಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಾನು ಚರಂಡಿ ಕಟ್ಟಿಕೊಂಡಿದೆ ಎಂದು ಬರೆದ ಅರ್ಜಿಗಳಿಗೆಲ್ಲ ಇದೇ ಸರಳಿನ ಉತ್ತರ ಬಂದಿದೆ: “ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ವರ್ಗಾಯಿಸಲಾಗಿದೆ.” ಇಷ್ಟು ನುಣುಪಾಗಿ ಭಾರ ದಾಟಿಸುವ ಸರಳು ಯಾವ ಹೆದ್ದಾರಿಯಲ್ಲೂ ಇಲ್ಲ. ಎಲ್ಲ ಚಪ್ಪಡಿಯನ್ನೂ ದಾಟಿದ ಭಾರ ಕೊನೆಗೆ ಬಂದು ಇಳಿಯುವುದು ನಮ್ಮ ಸೋಫಾದ ಕೆಳಗೆ.

ಇನ್ನು ಬಾಣಂತಿಯ ಆರೈಕೆ. ಹಾಸಿದ ಕಾಂಕ್ರೀಟಿಗೆ ಒದ್ದೆ ಗೋಣಿತಾಟು ಹೊದಿಸಿ ಎರಡು ವಾರವಾದರೂ ನೀರುಣಿಸಬೇಕು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಈಗ ಬೆಂಗಳೂರಿನ ಪಂಚಾಂಗ ನೋಡಿ: 2024ರ ಫೆಬ್ರುವರಿಯಲ್ಲಿ ಬಜೆಟ್ಟು ರಸ್ತೆಗೆ ಕಾಂಕ್ರೀಟು ಎಂದಿತು. ಮಾರ್ಚಿ ಬಂತು, ಬೋರ್‌ವೆಲ್ಲುಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕಟ್ಟಡ ಕಟ್ಟಿದರೆ, ರಸ್ತೆ ಮಾಡಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯ ಆದೇಶವೂ ಬಂತು. ಎರಡು ಘೋಷಣೆಗಳ ನಡುವೆ ಒಂದು ತಿಂಗಳೂ ಇರಲಿಲ್ಲ. ಬಾಣಂತಿಗೆ ತುಪ್ಪದನ್ನ ಹಾಕಿ ಎಂದವರೇ ಅಡುಗೆಮನೆಗೆ ಬೀಗ ಜಡಿದ ಹಾಗೆ.

ನಮ್ಮ ರಸ್ತೆಗೆ ಶುದ್ಧೀಕರಿಸಿದ ಚರಂಡಿ ನೀರಿನ ಟ್ಯಾಂಕರು ಬರುತ್ತಿತ್ತು. ಮೊದಲ ದಿನ ಅದರ ಸದ್ದು ಕೇಳಿ ಮೂಲೆಯ ಹೂವಿನಜ್ಜಿ ಎರಡು ಬಿಂದಿಗೆ ಹಿಡಿದು ಓಡಿಬಂದರು.

“ಅಜ್ಜೀ, ಇದು ಕುಡಿಯೋ ನೀರಲ್ಲ. ರೋಡಿಗೆ ಹಾಕೋ ನೀರು,” ಅಂದ ಡ್ರೈವರು.

ಅಜ್ಜಿ ಬಿಂದಿಗೆ ಕೆಳಗಿಟ್ಟು ಕೇಳಿದರು: “ರೋಡಿಗೆ ದಿನಕ್ಕೆಷ್ಟು ಸಲ ಬಿಡ್ತೀರಪ್ಪಾ?”

“ಮೂರು ಸಲ.”

“ನಮಗೆ ವಾರಕ್ಕೆ ಎರಡು ಸಲ. ಮುಂದಿನ ಜನ್ಮ ಅಂತಿದ್ರೆ ದೇವ್ರು ನನ್ನ ರೋಡು ಮಾಡಿ ಹುಟ್ಟಿಸ್ಲಿ.”

ಗೋಣಿತಾಟು ತೆಗೆದ ದಿನ ರಸ್ತೆ ನಿಜಕ್ಕೂ ಚೆಂದ ಕಾಣಿಸಿತು. ಸುಳ್ಳು ಹೇಳಬಾರದು. ರಾತ್ರಿ ಅದೇ ಬೀದಿದೀಪದ ಬೆಳಕಿಗೆ ಇಮ್ಮಡಿ ಬೆಳ್ಳಗೆ ಹೊಳೆಯಿತು. ಮಕ್ಕಳು ಸ್ಕೇಟಿಂಗ್ ಆಡಿದವು. ಮೇಷ್ಟ್ರು ವಾಕಿಂಗ್ ಸ್ಟಿಕ್ ಮನೆಯಲ್ಲೇ ಬಿಟ್ಟು ಬಂದರು. ಇಡೀ ರಸ್ತೆಯಲ್ಲಿ ಇದ್ದ ಕಳಂಕ ಒಂದೇ: ಕಾಂಕ್ರೀಟು ಹಸಿಯಿದ್ದ ರಾತ್ರಿ ನಮ್ಮ ಬೀದಿಯ ಕೆಂಚ ಎಂಬ ನಾಯಿ ಈ ದಡದಿಂದ ಆ ದಡಕ್ಕೆ ನಡೆದುಕೊಂಡು ಹೋಗಿತ್ತು. ನಮ್ಮ ಗೇಟಿನ ಎದುರಿನಿಂದ ಶುರುವಾಗಿ ಹನ್ನೆರಡು ಪಂಜದ ಗುರುತು, ಮುದ್ರೆ ಒತ್ತಿದ ಹಾಗೆ. ಮೇಸ್ತ್ರಿ ನಾಯಿಗೆ ಕಲ್ಲು ಬೀಸಿ ಬೈದಿದ್ದ. ಆಮೇಲೆ ಅದನ್ನು ಸವರಿ ಅಳಿಸಲು ಹೊತ್ತು ಮೀರಿತ್ತು.

ಕಾಂಕ್ರೀಟಿನ ಗುಣವೇ ಅದು. ಡಾಂಬರಿಗೆ ಮರೆವು ಜಾಸ್ತಿ. ಬಿಸಿಲಿಗೆ ಮೆತ್ತಗಾಗುತ್ತದೆ, ಕಿತ್ತರೆ ಬರುತ್ತದೆ, ಮೆತ್ತಿದರೆ ಅಂಟುತ್ತದೆ, ನಿನ್ನೆ ಏನು ನಡೆಯಿತೆಂದು ಕೇಳುವುದಿಲ್ಲ. “ಆಮೇಲೆ ನೋಡೋಣ” ಎಂಬ ಮಾತಿಗೆ ಒಂದು ಮೈ ಕೊಟ್ಟರೆ ಅದು ಡಾಂಬರಾಗುತ್ತದೆ. ಅದಕ್ಕೇ ಈ ಊರಿಗೂ ಅದಕ್ಕೂ ಅಷ್ಟು ವರ್ಷ ಹೊಂದಿಕೆಯಿತ್ತು. ಕಾಂಕ್ರೀಟು ಹಾಗಲ್ಲ. ಹಾಸುವ ಮೊದಲೇ ಕೇಳುತ್ತದೆ: ನೀರಿನ ಪೈಪು ಎಲ್ಲಿ, ಒಳಚರಂಡಿ ಎಲ್ಲಿ, ಕರೆಂಟು ಎಲ್ಲಿ, ಗ್ಯಾಸು ಎಲ್ಲಿ, ಇನ್ನಿಪ್ಪತ್ತು ವರ್ಷಕ್ಕೆ ಯಾವ ಕೇಬಲ್ಲು ಬರುತ್ತದೆ, ಮಳೆನೀರು ಯಾವ ಕಡೆ ಹರಿಯಬೇಕು, ಮನೆಯ ಹೊಸ್ತಿಲು ಎಷ್ಟು ಎತ್ತರ? ಎಲ್ಲರೂ ಈಗಲೇ ಕೂತು ಹೇಳಿ, ಆಮೇಲೆ ನಾನು ಕಿವಿ ಕೊಡುವುದಿಲ್ಲ ಎನ್ನುತ್ತದೆ. ಎಲ್ಲರೂ ಕೂತರೆ ಅದರಂಥ ರಸ್ತೆ ಇನ್ನೊಂದಿಲ್ಲ. ಆದರೆ ಈ ಊರಿನಲ್ಲಿ ಎಲ್ಲ ಇಲಾಖೆಗಳೂ ಒಟ್ಟಿಗೆ ಕೂರುವುದು ಗುದ್ದಲಿ ಪೂಜೆಯ ಪೆಂಡಾಲಿನಲ್ಲಿ, ಅದೂ ಬಾದಾಮಿ ಹಾಲು ಮುಗಿಯುವ ತನಕ. ಯೋಚನೆ ಮಾಡಿದ ಮೇಲೆ ಹಾಸಬೇಕಾದ ವಸ್ತುವನ್ನು, ಹಾಸಿದ ಮೇಲೆ ಯೋಚನೆ ಮಾಡುವ ಊರಿಗೆ ತಂದು ಸುರಿದಿದ್ದೇವೆ.

ಹದಿನೇಳನೆಯ ದಿನ ಬೆಳಗ್ಗೆ ಆರು ಗಂಟೆಗೆ ಮನೆಯ ಕಿಟಕಿ ನಡುಗಿತು. ಹೊರಗೆ ಓಡಿದೆ. ನಾಲ್ಕು ಜನ, ಒಂದು ಕಟಿಂಗ್ ಮೆಷಿನ್ನು, ಬಿಳಿ ಧೂಳು. ನಮ್ಮ ಗೇಟಿನ ಎದುರೇ ರಸ್ತೆಯನ್ನು ಅಡ್ಡಕ್ಕೆ ಸೀಳುತ್ತಿದ್ದರು.

“ಯಾರಪ್ಪಾ ನೀವು?”

“ಪೈಪಿನವರು ಸಾರ್.”

“ಕಾಂಕ್ರೀಟು ಹಾಕೋ ಮೊದಲೇ ಬರಬಾರದಾಗಿತ್ತಾ? ಹನ್ನೊಂದು ತಿಂಗಳು ಅಗೆದು ಬಿಟ್ಟಿದ್ರಲ್ಲ.”

“ಆವಾಗ ವರ್ಕ್ ಆರ್ಡರ್ ಆಗಿರ್ಲಿಲ್ಲ ಸಾರ್.”

“ಮುಂದೆ ಬೇಕಾದೀತು ಅಂತ ಅಡ್ಡಕ್ಕೆ ಖಾಲಿ ಡಕ್ಟ್ ಬಿಟ್ಟಿದ್ದಾರಂತಲ್ಲ? ಅದರೊಳಗೆ ತೂರಿಸಬಾರದಾ?”

“ಬಿಟ್ಟಿದ್ದಾರಂತೆ ಸಾರ್. ಎಲ್ಲಿ ಬಿಟ್ಟಿದ್ದಾರೆ ಅಂತ ಗೊತ್ತಿಲ್ಲ. ಅದನ್ನ ಹುಡುಕಬೇಕಂದ್ರೂ ಅಗೀಬೇಕು.”

ಪರ್ಮಿಷನ್ ತೋರಿಸಿ ಅಂದೆ. ಮೇಲಿಂದ ಹೇಳಿದ್ದಾರೆ ಎಂದ. ಅಭ್ಯಾಸಬಲದಿಂದ ನಾನು ಒಮ್ಮೆ ಆಕಾಶ ನೋಡಿದೆ. ಗುದ್ದಲಿ ಪೂಜೆಯ ದಿನ ಅಲ್ಲಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಇಪ್ಪತ್ತಮೂರು ನಗುಮುಖಗಳಿದ್ದವು, ನಾನೇ ಎಣಿಸಿದ್ದೆ. ಈಗ ಫ್ಲೆಕ್ಸೂ ಇರಲಿಲ್ಲ. ಅದು ಮೇಸ್ತ್ರಿಯ ಶೆಡ್ಡಿನ ಮಾಡಾಗಿ, ಅವನ ಸಂಸಾರವನ್ನು ಮಳೆಯಿಂದ ಕಾಪಾಡಿ, ಕೆಲಸ ಮುಗಿದ ಮೇಲೆ ಅವನೊಂದಿಗೆ ಮುಂದಿನ ಊರಿಗೆ ಹೋಗಿತ್ತು. ಆ ಮುಖಗಳಿಂದ ಜನರಿಗೆ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ.

ಸಂಜೆಯ ಹೊತ್ತಿಗೆ ಪೈಪು ಒಳಗೆ ಹೋಯಿತು. ಮಣ್ಣು ತಳ್ಳಿದರು, ಮೇಲೆ ಜಲ್ಲಿ ಸುರಿದರು. ಮುಚ್ಚಲು ಕಾಂಕ್ರೀಟು ಬೇಕಲ್ಲ? ಅಷ್ಟು ಸಣ್ಣ ಕೆಲಸಕ್ಕೆ ಲಾರಿ ಬರುವುದಿಲ್ಲ, ಬಂದರೂ ಎರಡು ವಾರ ರಸ್ತೆ ಮುಚ್ಚಬೇಕು. ಹಾಗಾಗಿ ಒಂದು ಡಬ್ಬಿ ಡಾಂಬರು ತಂದು ಮೆತ್ತಿ, ಸಲಿಕೆಯ ಬೆನ್ನಿನಿಂದ ಎರಡೇಟು ಬಡಿದು ಹೊರಟರು. ಬಿಳಿ ರಸ್ತೆಯ ಮಧ್ಯೆ ಕಡುಗಪ್ಪು ಪಟ್ಟಿ. ಮೊದಲ ಮಳೆಗೆ ಅದು ಕುಸಿಯಿತು. ಎರಡನೇ ಮಳೆಗೆ ಅದರ ಪಕ್ಕದ ಚೌಕದ ಮೂಲೆ ಮುರಿಯಿತು. ಅಲ್ಲಿಂದ ನೀರು ಕೆಳಗಿಳಿದು, ಹಳೆಯ ಡಾಂಬರನ್ನು ತಲುಪಿ, ತನ್ನ ಹಳೆಯ ವಕಾಲತ್ತು ಮುಂದುವರಿಸಿತು.

ಮೇಷ್ಟ್ರು ಮತ್ತೆ ವಾಕಿಂಗ್ ಸ್ಟಿಕ್ ಹಿಡಿದು ಬಂದರು. ಕಪ್ಪು ಪಟ್ಟಿಯನ್ನು ಕೋಲಿನ ತುದಿಯಿಂದ ಕುಟ್ಟಿ ನೋಡಿ, “ಬಿಡ್ರೀ, ಇಷ್ಟು ಬೆಳ್ಳಗಿರೋ ಕೂಸಿಗೆ ಒಂದು ದೃಷ್ಟಿಬೊಟ್ಟು ಇಡದೆ ಇದ್ರೆ ಆಗತ್ತಾ?” ಅಂದರು. ಈಗ ನಮ್ಮ ರಸ್ತೆಯ ಉದ್ದಕ್ಕೂ ಇಂಥ ಏಳು ಬೊಟ್ಟುಗಳಿವೆ. ಯಾರ ಕಣ್ಣೂ ತಾಗುವ ಹಾಗಿಲ್ಲ.

ಒಂದೇ ನಷ್ಟವೆಂದರೆ ಕೆಂಚನದು. ಕಟಿಂಗ್ ಮೆಷಿನ್ನು ಸೀಳಿಕೊಂಡು ಹೋದ ದಾರಿಯಲ್ಲಿ ಅದರ ಹೆಜ್ಜೆಗಳಿದ್ದವು. ಹನ್ನೆರಡರಲ್ಲಿ ಐದು ಹೋದವು, ಏಳು ಉಳಿದಿವೆ. ಈ ರಸ್ತೆ ಹಾಕಲು ಹೇಳಿದವರು, ಹಾಕಿದವರು, ಅಳೆದವರು, ಬಿಲ್ಲು ಪಾಸು ಮಾಡಿದವರು, ಮತ್ತೆ ಅಗೆಯಲು ಹೇಳಿದವರು ಯಾರೆಂದು ತಿಳಿಯಲು ನಾನು ಬರೆದ ಅರ್ಜಿ ಇನ್ನೂ ಚಪ್ಪಡಿಯಿಂದ ಚಪ್ಪಡಿಗೆ ದಾಟುತ್ತಿದೆ. ನಾನೂ ಮೇಷ್ಟ್ರೂ ರಸ್ತೆಯ ಉದ್ದಕ್ಕೂ ನಡೆದು ಹುಡುಕಿದ್ದೇವೆ. ಹಸಿಯಿದ್ದಾಗ ಅದರ ಮೇಲೆ ಸಹಿ ಹಾಕುವ ಧೈರ್ಯ ಮಾಡಿದ್ದು ಆ ನಾಯಿಯೊಂದೇ.